ಬಾಗಿಲು ಮುಚ್ಚಿದ ವರ್ಷದ ಫಿಗರ್ ಸ್ಕೇಟಿಂಗ್: 2020-21ರ ಸೀಸನ್ನನ್ನು ಈಗ ಕೂತು ನೋಡುವುದು ಹೇಗೆ

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪುಟದಲ್ಲಿ ನಾಲ್ಕು ಕಾಲಂ ಮಾಡಿ. ಸ್ಕೇಟರ್ ಹೆಸರು, ಯಾವ ದೇಶದ ಪರ, ಕೊರೊನಾ ಸಮಯದಲ್ಲಿ ಇದ್ದದ್ದು ಎಲ್ಲಿ, ಸ್ಪರ್ಧಿಸಿದ್ದು ಎಲ್ಲಿ. ಅಂಕಕ್ಕೆ ಕಾಲಂ ಬೇಡ. ಅದಕ್ಕೆ ಆಮೇಲೆ ಬರೋಣ.

ಯಾವುದೇ ಬೇರೆ ವರ್ಷವಾದರೆ ಸುಮ್ನೆ ಗೆದ್ದವರ ವಿಡಿಯೊ ಹುಡುಕಿ ನೋಡಿದರೆ ಸಾಕು. ಈ ವರ್ಷವನ್ನು ಹಾಗೆ ನೋಡಿದರೆ ಏನೂ ಅರ್ಥ ಆಗುವುದಿಲ್ಲ. ಯಾರು ಗೆದ್ದರು ಅನ್ನುವುದಕ್ಕಿಂತ ಮೊದಲು ಯಾರಿಗೆ ಅಲ್ಲಿಗೆ ತಲುಪಲು ಆಯಿತು ಅಂತ ಕೇಳಬೇಕು. ನಾನು ಇದನ್ನು ಹೀಗೆ ನೋಡಲು ಕಲಿತದ್ದು ನಮ್ಮ ಊರಿನಿಂದಲೇ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಹತ್ತಿರ. ಮಗಳು ಆಗ ವಾರಕ್ಕೆ ಎರಡು ದಿನ ರೋಲರ್ ಸ್ಕೇಟಿಂಗ್ ಕಲಿಯಲು ಮಂಗಳೂರಿಗೆ ಹೋಗುತ್ತಿದ್ದಳು. ದೇಶದ ಮೂರನೇ ಕೊರೊನಾ ಪ್ರಕರಣ ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ರಂದು. ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಬಿತ್ತು. ಆಸ್ಪತ್ರೆ, ಕಾಲೇಜು, ಮದುವೆ, ಬಟ್ಟೆ ಅಂಗಡಿ ಎಲ್ಲಕ್ಕೂ ಮಂಗಳೂರನ್ನೇ ನಂಬಿದ ನಾವು ಒಂದು ರಾತ್ರಿ ಬೆಳಗಾಗುವುದರೊಳಗೆ ಗೆರೆಯ ಈಚೆ ಉಳಿದೆವು. ಯಾರ ಮನೆ ಎಲ್ಲಿ ಅನ್ನುವುದೊಂದೇ ಲೆಕ್ಕ. ಮಗಳು ಅಡಿಕೆ ಒಣಹಾಕಿದ ಅಂಗಳದಲ್ಲಿ ಒಂದು ಬದಿಯ ಅಡಿಕೆ ಸರಿಸಿ, ಸಿಕ್ಕಿದ ನಾಲ್ಕು ಮಾರು ಜಾಗದಲ್ಲಿ ಸುತ್ತು ಹೊಡೆಯುತ್ತಿದ್ದಳು. ಆ ಹೊತ್ತಿಗೆ ಜಗತ್ತಿನ ದೊಡ್ಡ ದೊಡ್ಡ ಸ್ಕೇಟರ್‌ಗಳ ಪಾಡೂ ಹೆಚ್ಚುಕಡಿಮೆ ಇದೇ ಆಗಿತ್ತು. ಅದಕ್ಕೇ ಆ ಮೂರನೇ ಕಾಲಂ.

ಶುರು ಮಾಡಬೇಕಾದ್ದು ನಡೆಯದ ಒಂದು ಸ್ಪರ್ಧೆಯಿಂದ. 2020ರ ವಿಶ್ವ ಚಾಂಪಿಯನ್‌ಶಿಪ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾರ್ಚ್ 16ರಿಂದ ನಡೆಯಬೇಕಿತ್ತು. ಮಾರ್ಚ್ 11ರಂದು, ಬರೀ ಐದು ದಿನ ಇರುವಾಗ, ರದ್ದಾಯಿತು. ಅದಕ್ಕೆ ಮೊದಲು ಈ ಸ್ಪರ್ಧೆ ರದ್ದಾದದ್ದು 1961ರಲ್ಲಿ. ಆ ವರ್ಷ ಪ್ರಾಗ್‌ಗೆ ಹೊರಟಿದ್ದ ಅಮೆರಿಕದ ಇಡೀ ತಂಡ ಬ್ರಸೆಲ್ಸ್ ಹತ್ತಿರ ವಿಮಾನ ಅಪಘಾತದಲ್ಲಿ ತೀರಿಹೋಗಿತ್ತು. ಮಹಾಯುದ್ಧಗಳಿಗೆ, ಇಲ್ಲವೇ ಅಷ್ಟು ದೊಡ್ಡ ದುಃಖಕ್ಕೆ ಮಾತ್ರ ನಿಂತಿದ್ದ ಸ್ಪರ್ಧೆ ಇದು. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ 'ಮಾಂಟ್ರಿಯಲ್, ಇಲ್ಲ' ಅಂತ ಬರೆಯಿರಿ. ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ದೀಪಾವಳಿ ಕಳೆದು ಹೊರಟ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಬೇಕು, ಅಲ್ವಾ? ಆ ವರ್ಷ ಮಾರ್ಚಿನಲ್ಲೇ ಬಿಚ್ಚಿದರು. ಸ್ಕೇಟಿಂಗ್ ಸೀಸನ್ ಕೂಡ ಜುಲೈಯಿಂದ ಶುರುವಾಗಿ ಮಾರ್ಚಿನ ವಿಶ್ವ ಚಾಂಪಿಯನ್‌ಶಿಪ್ಪಿಗೆ ಬಂದು ಸೇರುವ ಒಂದು ತಿರುಗಾಟ. ಕೊನೆಯ ಆಟವೇ ಇಲ್ಲದೆ ಮುಗಿಯಿತು.

ಇನ್ನು ಮುಂದಿನ ಸೀಸನ್. ಇದರಲ್ಲಿ ಅಳಿಸಿಹೋದದ್ದನ್ನು ಮೊದಲು ಬರೆದುಬಿಡಿ, ಬೇಗ ಮುಗಿಯುತ್ತದೆ. ಗ್ರ್ಯಾನ್ ಪ್ರಿ ಅಂದರೆ ಬೇರೆ ಬೇರೆ ದೇಶಗಳಲ್ಲಿ ಒಂದರ ಹಿಂದೆ ಒಂದು ನಡೆಯುವ ಸ್ಪರ್ಧೆಗಳ ಸರಣಿ. ಅದರಲ್ಲಿ ಜೂನಿಯರ್ ಗ್ರ್ಯಾನ್ ಪ್ರಿ ಪೂರ್ತಿ ರದ್ದು. ಒಟ್ಟಾವಾದ ಸ್ಕೇಟ್ ಕೆನಡಾ ರದ್ದು. ಗ್ರೆನೋಬಲ್‌ನ ಫ್ರಾನ್ಸ್ ಸ್ಪರ್ಧೆ ರದ್ದು. ಬೀಜಿಂಗ್‌ನ ಗ್ರ್ಯಾನ್ ಪ್ರಿ ಫೈನಲ್ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ರದ್ದಾಯಿತು. ಜಾಗ್ರೆಬ್‌ನ ಯುರೋಪಿಯನ್ ಚಾಂಪಿಯನ್‌ಶಿಪ್, ಯುರೋಪಿನ ಹೊರಗಿನವರಿಗಾಗಿ ನಡೆಯುವ ಸಿಡ್ನಿಯ ಫೋರ್ ಕಾಂಟಿನೆಂಟ್ಸ್, ಹಾರ್ಬಿನ್‌ನ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ಎಲ್ಲವೂ ಹೋದವು. ಜೂನಿಯರ್ ಮಕ್ಕಳಿಗಂತೂ ಆ ವರ್ಷ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಸಣ್ಣದಲ್ಲ. ಮೈ ಎತ್ತರ ಬೆಳೆದರೆ ಹಾರುವ ಲೆಕ್ಕವೇ ಬದಲಾಗುತ್ತದೆ.

ಉಳಿದದ್ದು ನಾಲ್ಕು ಗ್ರ್ಯಾನ್ ಪ್ರಿ ಸ್ಪರ್ಧೆಗಳು. ಲಾಸ್ ವೇಗಸ್, ಚೀನಾದ ಚಾಂಗ್‌ಚಿಂಗ್, ಮಾಸ್ಕೋ, ಜಪಾನಿನ ಒಸಾಕಾ. ಇಲ್ಲಿ ಒಂದು ನಿಯಮ ಮಾಡಿದರು, ಇದೇ ಇಡೀ ಸೀಸನ್ನಿನ ಕೀಲಿ: ಆ ದೇಶದವರು, ಆ ದೇಶದಲ್ಲೇ ಇದ್ದು ತರಬೇತಿ ಪಡೆಯುತ್ತಿರುವವರು, ಹೆಚ್ಚೆಂದರೆ ಆ ಭಾಗದಿಂದ ಬರಲು ಸಾಧ್ಯ ಇರುವವರು ಮಾತ್ರ. ಪಾಸ್‌ಪೋರ್ಟಿಗಿಂತ ಮನೆ ಎಲ್ಲಿ ಅನ್ನುವುದು ಮುಖ್ಯವಾಯಿತು.

ಮೊದಲು ಲಾಸ್ ವೇಗಸ್ ನೋಡಿ, ಅಕ್ಟೋಬರ್ 23-24. ವಿಡಿಯೊ ಹುಡುಕುವಾಗ ತಾರೀಕು ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಶುಕ್ರವಾರ ರಾತ್ರಿ ಏಳು ಗಂಟೆ ಅಂದರೆ ನಮಗೆ ಶನಿವಾರ ಬೆಳಗ್ಗೆ ಏಳೂವರೆ. ಹುಡುಗರಲ್ಲಿ ನೇಥನ್ ಚೆನ್ ಮೊದಲು, ವಿನ್ಸೆಂಟ್ ಜೋ ಎರಡನೆಯದು, ಕೀಗನ್ ಮೆಸ್ಸಿಂಗ್ ಮೂರನೆಯದು. ಮೆಸ್ಸಿಂಗ್ ಹೆಸರಿನ ಮೇಲೆ ನಿಲ್ಲಿ. ಅವರು ಕೆನಡಾದ ಪರ ಸ್ಕೇಟ್ ಮಾಡುತ್ತಿದ್ದವರು, ಆದರೆ ಮನೆ ಅಮೆರಿಕದ ಅಲಾಸ್ಕಾದಲ್ಲಿ. ಕೆನಡಾದವರ ಸ್ಪರ್ಧೆ ರದ್ದಾದಾಗಲೂ ಇವರಿಗೆ ಒಂದು ಅವಕಾಶ ಸಿಕ್ಕಿತು. ಎರಡನೇ ಕಾಲಮ್ಮಿನಲ್ಲಿ ಕೆನಡಾ, ಮೂರನೆಯದರಲ್ಲಿ ಅಲಾಸ್ಕಾ. ನಮ್ಮ ಊರಿನಲ್ಲಿ ತಲಪಾಡಿಯ ಆಚೆ ಬಾಡಿಗೆ ರೂಮು ಇದ್ದವರು ಮಾತ್ರ ಕೆಲಸಕ್ಕೆ ಹೋದ ಹಾಗೆ.

ಅಲ್ಲೇ ಜೋಡಿ ವಿಭಾಗವನ್ನೂ ನೋಡಿ. ಅಲೆಕ್ಸಾ ನೀರಿಮ್ ಮತ್ತು ಬ್ರ್ಯಾಂಡನ್ ಫ್ರೇಜರ್ ಗೆದ್ದರು. ಇಬ್ಬರ ಹಿಂದಿನ ಜೊತೆಗಾರರೂ ಆಟ ಬಿಟ್ಟಿದ್ದರು. ಇವರು ಸೇರಿದ್ದು 2020ರಲ್ಲೇ, ಎಲ್ಲ ಮುಚ್ಚಿದ್ದ ಸಮಯದಲ್ಲಿ. ಜೋಡಿ ಸ್ಕೇಟಿಂಗ್‌ನಲ್ಲಿ ಒಬ್ಬರು ಇನ್ನೊಬ್ಬರನ್ನು ತಲೆಯ ಮೇಲೆ ಎತ್ತಬೇಕು, ಎಸೆಯಬೇಕು, ಹಿಡಿಯಬೇಕು. ಅದು ದಿನಾ ಒಟ್ಟಿಗೆ ಐಸಿನ ಮೇಲೆ ನಿಂತು ಬರುವ ನಂಬಿಕೆ. ಐಸೇ ಸಿಗದ ವರ್ಷದಲ್ಲಿ ಅದನ್ನು ಕಟ್ಟಿದರು. 2022ರಲ್ಲಿ ಇದೇ ಜೋಡಿ ವಿಶ್ವ ಚಾಂಪಿಯನ್ ಆಯಿತು. ಆಮೇಲಿನದು ಗೊತ್ತಿದ್ದು ಈ ಮೊದಲ ಸ್ಪರ್ಧೆಯನ್ನು ನೋಡಿದರೆ ಬೇರೆಯೇ ಕಾಣುತ್ತದೆ, ಆದ್ದರಿಂದ ಎರಡು ಸಲ ನೋಡಿ.

ಚಾಂಗ್‌ಚಿಂಗ್ ಬೇಗ ಮುಗಿಸಬಹುದು. ಹುಡುಗರು, ಹುಡುಗಿಯರು, ಜೋಡಿ, ಮತ್ತೆ ತಲೆಯ ಮೇಲೆ ಎತ್ತದೆ ಎಸೆಯದೆ ಇಬ್ಬರು ಹೆಜ್ಜೆಯಲ್ಲೇ ಆಡುವ ಐಸ್ ಡಾನ್ಸ್, ಈ ನಾಲ್ಕೂ ವಿಭಾಗದಲ್ಲಿ ಗೆದ್ದವರು ಚೀನಾದವರೇ. ಹುಡುಗರಲ್ಲಿ ಜಿನ್ ಬೋಯಾಂಗ್ ಒಬ್ಬರನ್ನು ನೋಡಿಕೊಂಡು ಮುಂದೆ ಹೋಗಿ.

ಮಾಸ್ಕೋಗೆ ಜಾಸ್ತಿ ಹೊತ್ತು ಕೊಡಿ. ನವೆಂಬರ್ 20-22. ಅಲ್ಲಿ ಮೊರಿಸಿ ಕ್ವಿಟೆಲಾಶ್ವಿಲಿ ಅನ್ನುವ ಹೆಸರು ಕಾಣುತ್ತದೆ. ಅವರು ಜಾರ್ಜಿಯಾದ ಪರ, ಆದರೆ ತರಬೇತಿ ಮಾಸ್ಕೋದಲ್ಲಿ. ಮತ್ತೆ ನಮ್ಮ ಮೂರನೇ ಕಾಲಂ. ಹುಡುಗಿಯರಲ್ಲಿ ಎಲಿಜವೆಟಾ ತುಕ್ತಮಿಶೆವಾ ಗೆದ್ದರು. 2015ರ ವಿಶ್ವ ಚಾಂಪಿಯನ್ ಅವರು. ಹದಿನಾರು ಹದಿನೇಳರ ಹುಡುಗಿಯರೇ ತುಂಬಿದ ಆ ವಿಭಾಗದಲ್ಲಿ ಆಗ ಅವರಿಗೆ 23. ಅವರ ಟ್ರಿಪಲ್ ಆಕ್ಸೆಲ್ ನೋಡುವುದಕ್ಕಾದರೂ ಈ ವಿಡಿಯೊ ಬೇಕು.

ಇಲ್ಲಿ ನಿಂತು ಜಂಪ್ ನೋಡುವುದನ್ನು ಕಲಿತುಕೊಳ್ಳಿ, ಮುಂದೆ ಬೇಕಾಗುತ್ತದೆ. ತೆಂಕುತಿಟ್ಟು ಯಕ್ಷಗಾನದ ಧೀಂಗಿಣ, ಅಂದರೆ ಗಿರಕಿ ಕುಣಿತ, ನೋಡಿ ಬೆಳೆದ ಕಣ್ಣಿಗೆ ಇದು ಕಷ್ಟವಲ್ಲ. ಧೀಂಗಿಣದಲ್ಲಿ ಒಂದರ ಹಿಂದೆ ಒಂದು ಎಷ್ಟು ಸುತ್ತು ಬಂತು ಅಂತ ಎಣಿಸುತ್ತೀರಿ. ಇಲ್ಲಿ ಒಂದೇ ಹಾರುವಿಕೆಯ ಒಳಗೆ ಗಾಳಿಯಲ್ಲಿ ಎಷ್ಟು ಸುತ್ತು ಅಂತ ಎಣಿಸಬೇಕು. ಮೂರು ಸುತ್ತಾದರೆ ಟ್ರಿಪಲ್, ನಾಲ್ಕಾದರೆ ಕ್ವಾಡ್. ಯೂಟ್ಯೂಬಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ. ಸ್ಕೇಟರ್ ಮುಖ ಮುಂದೆ ಮಾಡಿ ಹಾರಿದರೆ ಅದು ಆಕ್ಸೆಲ್. ಬೇರೆ ಎಲ್ಲ ಜಂಪ್‌ಗೂ ಹಿಮ್ಮುಖವಾಗಿ ಹಾರುತ್ತಾರೆ. ಇಳಿಯುವುದು ಮಾತ್ರ ಯಾವಾಗಲೂ ಹಿಮ್ಮುಖವಾಗಿ, ಅದಕ್ಕೇ ಆಕ್ಸೆಲ್‌ಗೆ ಅರ್ಧ ಸುತ್ತು ಜಾಸ್ತಿ. ಟ್ರಿಪಲ್ ಆಕ್ಸೆಲ್ ಅಂದರೆ ಮೂರೂವರೆ. ಇನ್ನೊಂದು ಗುರುತು, ಬೂಟಿನ ಅಲಗಿನ ತುದಿಯ ಹಲ್ಲನ್ನು ಐಸಿಗೆ ಕುಕ್ಕಿ ಹಾರಿದರೆ ಅದು ಲುಟ್ಜ್, ಫ್ಲಿಪ್ ಅಥವಾ ಟೋ ಲೂಪ್. ಕುಕ್ಕದೆ ಅಲಗಿನ ಅಂಚಿನಿಂದಲೇ ಎದ್ದರೆ ಸಾಲ್ಕೊ ಅಥವಾ ಲೂಪ್. ಮೊದಲ ದಿನ ಇಷ್ಟು ಸಾಕು, ಲುಟ್ಜ್ ಮತ್ತು ಫ್ಲಿಪ್ ಬೇರೆ ಮಾಡುವುದು ನಿಧಾನವಾಗಿ ಬರುತ್ತದೆ.

ಆ ಸೀಸನ್ನಿನ ಮೂಲ ಅಂಕಗಳಲ್ಲಿ ಮೂರು ಮಾತ್ರ ನೆನಪಿಟ್ಟುಕೊಳ್ಳಿ. ಟ್ರಿಪಲ್ ಆಕ್ಸೆಲ್‌ಗೆ 8, ಕ್ವಾಡ್ ಟೋ ಲೂಪ್‌ಗೆ 9.5, ಕ್ವಾಡ್ ಲುಟ್ಜ್‌ಗೆ 11.5. ಇದರ ಮೇಲೆ ಎಷ್ಟು ಚೆನ್ನಾಗಿ ಮಾಡಿದರು ಅಂತ ಜಡ್ಜ್‌ಗಳು ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಹಾಕುತ್ತಾರೆ. ಜಂಪ್, ಸ್ಪಿನ್, ಹೆಜ್ಜೆ ಎಲ್ಲ ಸೇರಿ ಒಂದು ಮೊತ್ತ. ಕಲೆ, ಸಂಗೀತ, ಸ್ಕೇಟಿಂಗ್ ಗುಣಕ್ಕೆ ಇನ್ನೊಂದು ಮೊತ್ತ. ಆಗ ಅದಕ್ಕೆ ಐದು ಬಾಬತ್ತು ಇದ್ದವು, 2022ರಿಂದ ಮೂರಾಗಿವೆ. ಹಳೆಯ ಶೀಟ್ ತೆಗೆದು ನೋಡುವಾಗ ಐದು ಸಾಲು ಕಂಡರೆ ಗಾಬರಿ ಬೇಡ.

ಮಾಸ್ಕೋ ಆದಮೇಲೆ ಒಸಾಕಾದ ಎನ್‌ಎಚ್‌ಕೆ ಟ್ರೋಫಿ, ನವೆಂಬರ್ 27-29. ಇಲ್ಲಿ ಜನ ಇದ್ದರು, ಆದರೆ ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಯೂಮಾ ಕಾಗಿಯಾಮಾ ಮತ್ತು ಕಾವೊರಿ ಸಾಕಾಮೊಟೊ ಗೆದ್ದರು. ಆದರೆ ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಐಸ್ ಡಾನ್ಸ್‌ನಲ್ಲಿ ಮೂರನೇ ಸ್ಥಾನ ಬಂದ ಜೋಡಿ. ಡೈಸುಕೆ ತಾಕಾಹಾಶಿ 2010ರ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಸ್ಕೇಟ್ ಮಾಡಿ ಕಂಚು ಗೆದ್ದವರು, ಅದೇ ವರ್ಷ ವಿಶ್ವ ಚಾಂಪಿಯನ್ ಆದವರು. ಅವರು ಮೂವತ್ನಾಲ್ಕರ ವಯಸ್ಸಿನಲ್ಲಿ, ಕಾನಾ ಮುರಾಮೊಟೊ ಜೊತೆ, ಐಸ್ ಡಾನ್ಸರ್ ಆಗಿ ಮೊದಲ ಸ್ಪರ್ಧೆಗೆ ಇಳಿದದ್ದು ಇಲ್ಲಿ. ಜಂಪ್ ಮಾಡುವವರ ಅಲಗು ಬೇರೆ, ಡಾನ್ಸ್‌ನವರ ಅಲಗು ಬೇರೆ, ನಿಲ್ಲುವ ರೀತಿಯೇ ಬೇರೆ. ಎಲ್ಲರೂ ಇದ್ದದ್ದನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದ ವರ್ಷದಲ್ಲಿ ಅವರು ಹೊಸದನ್ನು ಮೊದಲಿನಿಂದ ಕಲಿಯುತ್ತಿದ್ದರು. ಅವರ ಕಾಲನ್ನಲ್ಲ, ಜೊತೆಗಾರ್ತಿಯ ಕಡೆ ಇಟ್ಟ ಕಣ್ಣನ್ನು ನೋಡಿ.

ಈಗ ಅಂಕದ ವಿಷಯ. ಈ ನಾಲ್ಕು ಊರಿನ ಅಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಲಿಸಬೇಡಿ, ದಯವಿಟ್ಟು. ಜಡ್ಜ್‌ಗಳು ಕೂಡ ಗಡಿ ದಾಟುವಂತಿರಲಿಲ್ಲ. ಬಹುಪಾಲು ಆ ದೇಶದವರೇ ಕೂತಿದ್ದರು. ತಮ್ಮ ಊರಿನ ಮಕ್ಕಳಿಗೆ ತಾವೇ ಅಂಕ ಹಾಕುವಾಗ ಕೈ ಸ್ವಲ್ಪ ಉದಾರವಾಗುತ್ತದೆ, ಅದು ಎಲ್ಲ ಕಡೆ ಇರುವುದೇ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಅದಕ್ಕೆ ಆ ಅಂಕಗಳು ಅಂತರರಾಷ್ಟ್ರೀಯ ದಾಖಲೆಗೆ ಸೇರುವುದೂ ಇಲ್ಲ.

ಹಾಗಿದ್ದರೂ ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಿಡಬಾರದು. 2020ರ ಡಿಸೆಂಬರ್, ಜಪಾನಿನ ನಾಗಾನೊ. ಯುಜುರು ಹಾನ್ಯು ಎರಡು ಸಲ ಒಲಿಂಪಿಕ್ಸ್ ಗೆದ್ದವರು. ಅವರ ಕೋಚ್‌ಗಳು ಕೆನಡಾದ ಟೊರಾಂಟೊದಲ್ಲಿ, ಅವರು ಜಪಾನಿನ ಸೆಂಡೈಯಲ್ಲಿ. ಅವರಿಗೆ ಮೊದಲಿನಿಂದಲೂ ಉಬ್ಬಸ ಉಂಟು. ತಾನು ಹೋದರೆ ಜನ ಸೇರುತ್ತಾರೆ, ಸೋಂಕು ಹರಡಬಹುದು ಅಂತಲೂ ಯೋಚಿಸಿ ಗ್ರ್ಯಾನ್ ಪ್ರಿ ಬಿಟ್ಟರು. ತಿಂಗಳುಗಟ್ಟಲೆ ಒಬ್ಬರೇ ಅಭ್ಯಾಸ ಮಾಡಿದರು. ಆಮೇಲೆ ನಾಗಾನೊದಲ್ಲಿ ಕೋಚ್ ಪಕ್ಕದಲ್ಲಿಲ್ಲದೆ ಐಸಿಗೆ ಇಳಿದು, ಹೊಸ ಪ್ರೋಗ್ರಾಂ ಮಾಡಿ, 319.36 ಅಂಕದೊಂದಿಗೆ ಗೆದ್ದರು. ಅಂಕವನ್ನು ಬದಿಗಿಡಿ. ಜಂಪ್‌ನಿಂದ ಜಂಪ್‌ಗೆ ಹೋಗುವ ನಡುವಿನ ಹೊತ್ತನ್ನು ನೋಡಿ. ಎಲ್ಲೂ ನಿಂತು ಉಸಿರು ಎಳೆದುಕೊಳ್ಳುವುದಿಲ್ಲ. ಇದನ್ನು ಮಗಳಿಗೆ ತೋರಿಸಿದಾಗ ಅವಳು ಕೇಳಿದ್ದು ಒಂದೇ, 'ಇವರಿಗೆ ತಪ್ಪು ಯಾರು ಹೇಳ್ತಿದ್ರು?' ನನಗೂ ಆ ಪ್ರಶ್ನೆ ಬಿಟ್ಟು ಹೋಗಿಲ್ಲ.

ಇಷ್ಟು ನೋಡಿದ ಮೇಲೆ ಮಾತ್ರ ಸ್ಟಾಕ್‌ಹೋಮ್‌ಗೆ ಬನ್ನಿ. 2021ರ ಮಾರ್ಚ್ 24-27, ವಿಶ್ವ ಚಾಂಪಿಯನ್‌ಶಿಪ್. ಬೇರೆ ಬೇರೆ ಗೋಡೆಗಳ ಒಳಗೆ ಇದ್ದವರು ಆ ಸೀಸನ್ನಿನಲ್ಲಿ ಮೊದಲ ಸಲ ಒಂದೇ ಐಸಿನ ಮೇಲೆ ಸೇರಿದ್ದು ಇಲ್ಲಿ. ಪ್ರೇಕ್ಷಕರಿಲ್ಲ. ಬಂದವರೆಲ್ಲ ಪರೀಕ್ಷೆ ಮಾಡಿಸಿಕೊಂಡು ಬಬಲ್ ಒಳಗೇ ಇರಬೇಕು. ಇದನ್ನು ಇಯರ್‌ಫೋನ್ ಹಾಕಿ ನೋಡಿ, ಕಾಮೆಂಟರಿ ಇಲ್ಲದ ವಿಡಿಯೊ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಷ್ಟು ದೊಡ್ಡ ಗೋಳದಂಥ ಕಟ್ಟಡದಲ್ಲಿ ಅಲಗು ಐಸನ್ನು ಸೀಳುವ ಸರ್ ಸದ್ದು, ಹಲ್ಲು ಕುಕ್ಕಿದಾಗಿನ ಟಕ್ ಸದ್ದು, ಇಳಿದಾಗಿನ ಗೀರು, ಎಲ್ಲ ಕೇಳುತ್ತದೆ. ಬೇರೆ ವರ್ಷಗಳಲ್ಲಿ ಇದು ಚಪ್ಪಾಳೆಯಲ್ಲಿ ಮುಳುಗಿಹೋಗುತ್ತಿತ್ತು. ಕಣ್ಣು ಮುಚ್ಚಿದರೂ ಜಂಪ್ ಚೆನ್ನಾಗಿ ಇಳಿಯಿತಾ ಅಂತ ಹೇಳಬಹುದು, ಪ್ರಯತ್ನ ಮಾಡಿ ನೋಡಿ.

ಸ್ಪರ್ಧೆ ಎರಡು ಭಾಗ: ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಆಮೇಲೆ ಉದ್ದದ ಫ್ರೀ ಸ್ಕೇಟ್, ಎರಡರ ಅಂಕವೂ ಕೂಡುತ್ತದೆ. ಹುಡುಗರ ವಿಭಾಗವನ್ನು ಶಾರ್ಟ್ ಪ್ರೋಗ್ರಾಂನಿಂದಲೇ ಶುರು ಮಾಡಿ. ನೇಥನ್ ಚೆನ್ ಮೊದಲ ಕ್ವಾಡ್ ಲುಟ್ಜ್‌ನಲ್ಲೇ ಬಿದ್ದರು. ಹಾನ್ಯು 106.98, ಹದಿನೇಳರ ಹುಡುಗ ಕಾಗಿಯಾಮಾ 100.96, ಚೆನ್ 98.85ರೊಂದಿಗೆ ಮೂರನೇ ಸ್ಥಾನ. ಎಂಟು ಅಂಕ ಹಿಂದೆ. ಫ್ರೀ ಸ್ಕೇಟ್‌ನಲ್ಲಿ ಅದೇ ಚೆನ್ ಐದು ಕ್ವಾಡ್ ಇಳಿಸಿ 222.03 ತೆಗೆದು, ಒಟ್ಟು 320.88ರೊಂದಿಗೆ ಸತತ ಮೂರನೇ ಸಲ ವಿಶ್ವ ಚಾಂಪಿಯನ್ ಆದರು. ಕಾಗಿಯಾಮಾ 291.77, ಹಾನ್ಯು 289.18. ನಾಗಾನೊದ ಅಂಕವನ್ನೂ ಇದನ್ನೂ ನೋಡಿ ಹಾನ್ಯು ಮೂರು ತಿಂಗಳಲ್ಲಿ ಕುಸಿದರು ಅಂತ ತೀರ್ಮಾನ ಮಾಡಬೇಡಿ. ಫ್ರೀ ಸ್ಕೇಟ್‌ನಲ್ಲಿ ತಪ್ಪಾದದ್ದು ನಿಜ, ಆದರೆ ಎರಡು ಅಂಕಗಳೂ ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ.

ಹುಡುಗಿಯರಲ್ಲಿ ಅಲೆಕ್ಸಾಂಡ್ರಾ ತ್ರುಸೋವಾ ಅವರ ಫ್ರೀ ಸ್ಕೇಟನ್ನು ಮೊದಲು ನೋಡಿ. ಶಾರ್ಟ್ ಪ್ರೋಗ್ರಾಂನಲ್ಲಿ ಹನ್ನೆರಡನೇ ಸ್ಥಾನಕ್ಕೆ ಬಿದ್ದವರು ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್‌ಗೆ ಕೈ ಹಾಕಿ ಕಂಚಿಗೆ ಏರಿದರು. ಎಲ್ಲವೂ ಸರಿಯಾಗಿ ಇಳಿಯಲಿಲ್ಲ, ಬಿದ್ದರು ಕೂಡ. ಆದರೂ ಸಾಕಾಯಿತು. ಆಮೇಲೆ ತುಕ್ತಮಿಶೆವಾ, ಆ ಹೊತ್ತಿಗೆ 24, ಆರು ವರ್ಷದ ಮೇಲೆ ಮತ್ತೆ ವಿಶ್ವ ಪದಕ, ಬೆಳ್ಳಿ. ಕೊನೆಗೆ ಅನ್ನಾ ಶೆರ್ಬಕೋವಾ, ಚಿನ್ನ. ಮೂವರೂ ರಷ್ಯಾದವರು. ಆದರೆ ಪರದೆಯ ಮೇಲೆ ರಷ್ಯಾದ ಬಾವುಟ ಕಾಣುವುದಿಲ್ಲ, ಎಫ್‌ಎಸ್‌ಆರ್ ಅನ್ನುವ ಅಕ್ಷರ ಇರುತ್ತದೆ. ಅದು ಕೊರೊನಾದಿಂದ ಅಲ್ಲ, ಡೋಪಿಂಗ್ ಪ್ರಕರಣದ ಶಿಕ್ಷೆಯಿಂದ. ಹುಡುಕುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಜೋಡಿ ವಿಭಾಗದಲ್ಲಿ ಮಿಶಿನಾ ಮತ್ತು ಗಲ್ಯಾಮೊವ್ ತಮ್ಮ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೇ ಗೆದ್ದರು. ಎರಡು ಸಲದ ವಿಶ್ವ ಚಾಂಪಿಯನ್‌ಗಳಾದ ಚೀನಾದ ಸುಯಿ ಮತ್ತು ಹಾನ್ ಅವರಿಗಿಂತ ಎರಡು ಅಂಕವೂ ಮುಂದಿರಲಿಲ್ಲ.

ಐಸ್ ಡಾನ್ಸ್‌ನಲ್ಲಿ ಗೆದ್ದವರು ಸಿನಿತ್ಸಿನಾ ಮತ್ತು ಕತ್ಸಲಾಪೊವ್. ಮೊದಲ ಕಾಲಮ್ಮಿನಲ್ಲಿ ಒಂದು ಹೆಸರು ಇಲ್ಲದಿರುವುದನ್ನೂ ಬರೆಯಿರಿ, ಫ್ರಾನ್ಸಿನ ಪಾಪಾಡಾಕಿಸ್ ಮತ್ತು ಸಿಜೆರೊನ್ ಆ ಸೀಸನ್ ಇಡೀ ಸ್ಪರ್ಧಿಸಲಿಲ್ಲ. ಆದರೆ ನೀವು ನಿಧಾನವಾಗಿ ನೋಡಬೇಕಾದ್ದು ಮೂರನೇ ಸ್ಥಾನದ ಕೆನಡಾದ ಪೈಪರ್ ಗಿಲ್ಸ್ ಮತ್ತು ಪಾಲ್ ಪೊಯರಿಯರ್ ಅವರನ್ನು. ಅವರ ನಾಲ್ಕನೇ ಕಾಲಂ ನೋಡಿ: ಸ್ಕೇಟ್ ಕೆನಡಾ ರದ್ದು, ಕೆನಡಾದ ರಾಷ್ಟ್ರೀಯ ಚಾಂಪಿಯನ್‌ಶಿಪ್ ರದ್ದು. ಆ ದೇಶದಲ್ಲಿ ವಿಡಿಯೊ ಮಾಡಿ ಕಳಿಸಿ ಸ್ಪರ್ಧೆ ನಡೆಸುವ ಮಟ್ಟಕ್ಕೆ ಬಂದಿತ್ತು. ಇಡೀ ವರ್ಷದಲ್ಲಿ ಜಡ್ಜ್‌ಗಳ ಎದುರು ಕಾಲಿಟ್ಟದ್ದೇ ಸ್ಟಾಕ್‌ಹೋಮ್‌ನಲ್ಲಿ, ಅಲ್ಲೇ ಅವರ ಮೊದಲ ವಿಶ್ವ ಪದಕ. ಬೆಳ್ಳಿ ಗೆದ್ದ ಹಬ್ಬೆಲ್ ಮತ್ತು ಡೊನೊಹ್ಯೂ ಅವರಿಗೆ 214.71, ಇವರಿಗೆ 214.35. ನಮ್ಮ ನೋಟ್‌ಬುಕ್ ಇಲ್ಲದೆ ನೋಡಿದವರಿಗೆ ಇದು ಬರೀ ಒಂದು ಕಂಚು.

ಇನ್ನೊಂದು ಲೆಕ್ಕ ಉಳಿದಿದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಯಾವ ದೇಶಕ್ಕೆ ಎಷ್ಟು ಸೀಟು ಅನ್ನುವುದು ಹೆಚ್ಚಾಗಿ ಈ ಸ್ಟಾಕ್‌ಹೋಮ್ ಮೇಲೆ ನಿಂತಿತ್ತು. ಇಬ್ಬರು ಮುಂದಿನವರ ಸ್ಥಾನ ಕೂಡಿಸಿ. 13 ಅಥವಾ ಕಡಿಮೆ ಬಂದರೆ ಮೂರು ಸೀಟಿನ ಅರ್ಹತೆ. ಅಮೆರಿಕದ ಹುಡುಗರಲ್ಲಿ ಚೆನ್ 1, ಜೇಸನ್ ಬ್ರೌನ್ 7, ಒಟ್ಟು 8. ಹಾಗಿದ್ದರೂ ಮೂರನೇ ಸೀಟು ಆಗಲೇ ಕೈಗೆ ಬರಲಿಲ್ಲ, ಯಾಕೆಂದರೆ ಮೂರನೆಯ ಸ್ಕೇಟರ್ ಕೂಡ ಫ್ರೀ ಸ್ಕೇಟ್‌ಗೆ ತಲುಪಿರಬೇಕಿತ್ತು. ಲಾಸ್ ವೇಗಸ್‌ನಲ್ಲಿ ಬೆಳ್ಳಿ ಗೆದ್ದ ಆ ವಿನ್ಸೆಂಟ್ ಜೋ ಶಾರ್ಟ್ ಪ್ರೋಗ್ರಾಂನಲ್ಲಿ 25ನೇ ಸ್ಥಾನ. ಫ್ರೀ ಸ್ಕೇಟ್‌ಗೆ ಹೋಗುವುದು 24 ಮಂದಿ. ಆದ್ದರಿಂದ ಅವರ ಹೆಸರಿನ ಮುಂದೆ ಒಂದು ಸಾಲು ಖಾಲಿ ಬಿಟ್ಟು, 2021ರ ಸೆಪ್ಟೆಂಬರಿನ ನೆಬೆಲ್‌ಹಾರ್ನ್ ಟ್ರೋಫಿ ಹುಡುಕಿ. ಜರ್ಮನಿಯ ಓಬರ್ಸ್ಟ್‌ಡಾರ್ಫ್, ಗೆದ್ದವರು ಜೋ, ಆ ಮೂರನೇ ಸೀಟನ್ನು ಅಲ್ಲಿಂದ ತಂದುಕೊಟ್ಟವರೂ ಅವರೇ. ಬೀಜಿಂಗ್‌ನಲ್ಲಿ ತಂಡದ ಸ್ಪರ್ಧೆ ಮುಗಿಸಿದ ಮೇಲೆ ಅವರಿಗೆ ಕೊರೊನಾ ಪಾಸಿಟಿವ್ ಬಂತು, ಒಬ್ಬರೇ ಇಳಿಯಬೇಕಿದ್ದ ಸ್ಪರ್ಧೆಗೆ ಇಳಿಯಲು ಆಗಲಿಲ್ಲ. ನೋಟ್‌ಬುಕ್ಕಿನ ನಾಲ್ಕನೇ ಕಾಲಮ್ಮಿನಲ್ಲಿ ಅದನ್ನೂ ಬರೆಯಿರಿ, 'ಬೀಜಿಂಗ್, ಅರ್ಧ'.